ಶಾಲೆಗೊಬ್ಬ ಸಂಗೀತ ಶಿಕ್ಷಕ ಬೇಕು



ಗದುಗಿನ ವೀರೇಶ್ವರ ಪುಣ್ಯಾಶ್ರಮದಂತಹ ಸಂಗೀತ ಗುರುಪರಂಪರೆ ಇರುವ ಸೀಮೆ ನಮ್ಮದು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಮುಗಿಸಿ, ಶಾಲೆಯಲ್ಲಿ ಸಂಗೀತ ಮಾಸ್ತರಾಗುವ ಆಸೆಯಿಟ್ಟುಕೊಂಡ ತರುಣರು ಇಲ್ಲಿ ಬಹಳ. ಆದರೆ ಸುತ್ತಲಿನ ಹೆಚ್ಚಿನ ಸರ್ಕಾರಿ ಶಾಲೆಗಳಲ್ಲಿ ಆ ಹುದ್ದೆಯೇ ಇಲ್ಲ. ಇದ್ದಲ್ಲಿ ನಿವೃತ್ತರ ಜಾಗ ಖಾಲಿ. ಹೀಗಾಗಿ ಕಲಿತವರು ಮನೆಪಾಠ, ಜಾತ್ರೆಯ ಭಜನೆ, ಮದುವೆ ಕಾರ್ಯಕ್ರಮಗಳನ್ನೇ ನೆಚ್ಚಿಕೊಂಡಿದ್ದಾರೆ.

ಹತ್ತನೇ ತರಗತಿವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಕಲಿಸುವವರಿಲ್ಲದೆ ಅದು ಜಾರಿಯಾಗುವುದಾದರೂ ಹೇಗೆ? ಶಿಕ್ಷಣ ಇಲಾಖೆ ಖಾಲಿ ಹುದ್ದೆಗಳನ್ನು ತುಂಬಲಿ. ಅಲ್ಲಿಯವರೆಗೆ ಕ್ಲಸ್ಟರ್‌ಗೊಬ್ಬ ಅತಿಥಿ ಸಂಗೀತ ಶಿಕ್ಷಕರನ್ನು ನೇಮಿಸಿ, ಸರದಿಯಂತೆ ಶಾಲೆಗಳಿಗೆ ಕಳಿಸಲಿ. ಗೌರವಧನ ತಿಂಗಳು ತಿಂಗಳು ತಪ್ಪದೆ ಕೈಸೇರಲಿ.

— ಓದುಗ, ಗದಗ ಜಿಲ್ಲೆ