ಎಲೆಕ್ಟ್ರಿಕ್ ಸ್ಕೂಟರ್: ಮೈಲೇಜ್ ಕೇಳೋಕೆ ಮುಂಚೆ ಮೆಕ್ಯಾನಿಕ್ ಯಾರು ಅಂತ ಕೇಳಿ

ಎಲೆಕ್ಟ್ರಿಕ್ ಸ್ಕೂಟರ್ ತಗೊಂಡು ಹದಿನಾಲ್ಕು ತಿಂಗಳಾಯ್ತು. ತೋಟಕ್ಕೆ, ಡೇರಿಗೆ, ತಿಪಟೂರು ಎಪಿಎಂಸಿಗೆ ಎಲ್ಲಾ ಓಡಾಟ ಅದರಲ್ಲೇ. ಗಾಡಿ ನಿಲ್ಲಿಸಿದ ಕಡೆಯೆಲ್ಲ ಯಾರಾದರೂ ಹತ್ತಿರ ಬಂದು ಕೇಳೋದು ಒಂದೇ ಪ್ರಶ್ನೆ: "ಒಂದ್ಸಲ ಚಾರ್ಜ್ ಹಾಕಿದ್ರೆ ಎಷ್ಟು ಕಿಲೋಮೀಟರ್ ಓಡುತ್ತಣ್ಣ?" ಕೆಟ್ಟು ನಿಂತರೆ ಯಾರು ನೋಡ್ತಾರೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ಬೋರ್‌ವೆಲ್‌ಗೆ ಮೋಟರ್ ತರುವಾಗ ನಾವು ಹೀಗಿರಲ್ಲ. ಆ ಕಂಪನಿ ಮೋಟರ್‌ಗೆ ತಿಪಟೂರಲ್ಲೋ ತುರುವೇಕೆರೆಯಲ್ಲೋ ವೈಂಡಿಂಗ್ ಮಾಡೋರು ಇದ್ದಾರಾ, ಬಿಡಿಭಾಗ ಸಿಗುತ್ತಾ, ಬೇಸಿಗೆಯಲ್ಲಿ ಸುಟ್ಟುಹೋದರೆ ಎಷ್ಟು ದಿನದಲ್ಲಿ ಮತ್ತೆ ಇಳಿಸಬಹುದು, ಇಷ್ಟೆಲ್ಲ ವಿಚಾರಿಸಿದ ಮೇಲೇ ದುಡ್ಡು ಬಿಚ್ಚೋದು. ಲಕ್ಷದ ಮೇಲೆ ಕೊಟ್ಟು ತರುವ ಸ್ಕೂಟರ್‌ಗೂ ಅದೇ ಬುದ್ಧಿ ಬೇಕು ಅನ್ನೋದು ನನ್ನ ಅಭಿಪ್ರಾಯ.

ಮೊದಲು ಲಾಭದ ಲೆಕ್ಕ ಹೇಳಿಬಿಡ್ತೀನಿ, ಅದರಲ್ಲಿ ತಕರಾರಿಲ್ಲ. ನನ್ನದು 3 ಯೂನಿಟ್ ಹಿಡಿಯುವ ಬ್ಯಾಟರಿ. ನಮ್ಮ ರಸ್ತೆಯಲ್ಲಿ 80 ಕಿ.ಮೀ. ಆರಾಮಾಗಿ ಬರುತ್ತೆ. ಕಾಲಿನ ಹತ್ತಿರ ಸುಲಿದ ತೆಂಗಿನಕಾಯಿಯ ಮೂಟೆ ಇಟ್ಟುಕೊಂಡು ಮರಳು ದಾರಿಯಲ್ಲಿ ಹೋದರೆ ಅಷ್ಟು ಬರಲ್ಲ. ಚಾರ್ಜರ್‌ನಲ್ಲಿ ಸ್ವಲ್ಪ ನಷ್ಟವಾಗೋದೂ ಸೇರಿ ಒಂದು ಫುಲ್ ಚಾರ್ಜ್‌ಗೆ ಸುಮಾರು 3.4 ಯೂನಿಟ್. ಯೂನಿಟ್‌ಗೆ 6 ರೂ. ಹಿಡಿದರೂ ಕಿಲೋಮೀಟರ್‌ಗೆ 25 ಪೈಸೆ. ಪೆಟ್ರೋಲ್ ಸ್ಕೂಟರ್‌ಗೆ ಎರಡೂಕಾಲು ರೂಪಾಯಿ ಬೀಳುತ್ತೆ. ದಿನಕ್ಕೆ 20 ಕಿ.ಮೀ.ಯಂತೆ ವರ್ಷಕ್ಕೆ 6,000 ಕಿ.ಮೀ. ಓಡಿಸುವ ರೈತನಿಗೆ 12,000 ರೂಪಾಯಿ ಉಳಿತಾಯ. ಎರಡು ಹೊತ್ತು ಡೇರಿಗೆ ಹಾಲು ಹಾಕಿ ಬರೋ ಥರದ, ನಿಂತು ನಿಂತು ಹೋಗುವ ಸಣ್ಣ ಓಡಾಟಕ್ಕೆ ಇದಕ್ಕಿಂತ ಒಳ್ಳೆ ಗಾಡಿ ಇಲ್ಲ.

ಗೃಹಜ್ಯೋತಿ ಇದ್ದವರು ಒಂದು ವಿಷಯ ಗಮನಿಸಿ. 200 ಯೂನಿಟ್‌ವರೆಗೆ ಎಲ್ಲಾ ಉಚಿತ ಅಂದುಕೊಂಡವರೇ ಜಾಸ್ತಿ. ನಿಮ್ಮ ಮನೆಗೆ ಸಿಗುವ ಉಚಿತ ಪ್ರಮಾಣ ನಿಂತಿರೋದು ಹಿಂದಿನ ಸರಾಸರಿ ಬಳಕೆಯ ಮೇಲೆ. ದಿನ ಬಿಟ್ಟು ದಿನ ಫುಲ್ ಚಾರ್ಜ್ ಹಾಕಿದರೆ ತಿಂಗಳಿಗೆ 50 ಯೂನಿಟ್ ಹೆಚ್ಚಾಗುತ್ತೆ, ಆ ಹೆಚ್ಚಿನದಕ್ಕೆ ಬಿಲ್ ಬರುತ್ತೆ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗಂತ ಪಂಪ್‌ಸೆಟ್ ಲೈನಿಗೆ ಚಾರ್ಜರ್ ಸಿಕ್ಕಿಸಬೇಡಿ. ಅದು ನಿಯಮಕ್ಕೆ ವಿರುದ್ಧ. ಅಲ್ಲಿನ ವೋಲ್ಟೇಜ್ ನಂಬಿ ಮೋಟರ್ ಸುಟ್ಟುಕೊಂಡವರು ನಮ್ಮಲ್ಲಿ ಪ್ರತಿ ಊರಲ್ಲೂ ಇದ್ದಾರೆ.

ಇನ್ನು ರಿಪೇರಿ ವಿಷಯ. ಒಂದು ಬೆಳಗ್ಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೊರಟರೆ ಸ್ಕ್ರೀನ್ ಏನೋ ಉರೀತಿದೆ, ಎಕ್ಸಿಲೇಟರ್ ತಿರುಗಿಸಿದರೆ ಗಾಡಿ ಅಲುಗಲ್ಲ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ "ತುಮಕೂರಿಗೆ ತಗೊಂಡ್ ಬನ್ನಿ ಸರ್" ಅಂದರು. ಎಪ್ಪತ್ತು ಕಿ.ಮೀ. ಮೇಲಿದೆ, ಲಗೇಜ್ ಆಟೋದಲ್ಲೇ ಹಾಕಿಕೊಂಡು ಹೋಗಬೇಕು. ಅಷ್ಟರಲ್ಲಿ ನಮ್ಮೂರ ಸರ್ಕಲ್‌ನಲ್ಲಿ ಮೊಪೆಡ್ ರಿಪೇರಿ ಮಾಡುವ ಹುಡುಗ ಬಂದು ಗಾಡಿ ಸುತ್ತ ಒಂದು ಸುತ್ತು ಹಾಕಿ, "ಅಣ್ಣ, ನೀವು ಬ್ರೇಕ್ ಹಿಡಿದಿಲ್ಲ, ಹಿಂದೆ ಬ್ರೇಕ್ ಲೈಟ್ ಯಾಕೆ ಉರೀತಿದೆ?" ಅಂದ. ಅಲ್ಲೇ ಇತ್ತು ರೋಗ. ಬ್ರೇಕ್ ಲಿವರ್ ಕೆಳಗೆ ಒಂದು ಚಿಕ್ಕ ಸ್ವಿಚ್ ಇರುತ್ತೆ. ಪೆಟ್ರೋಲ್ ಗಾಡಿಯಲ್ಲಿ ಅದು ಸಿಕ್ಕಿಕೊಂಡರೆ ಲೈಟ್ ಉರಿಯುತ್ತೆ, ಅಷ್ಟೇ. ಎಲೆಕ್ಟ್ರಿಕ್‌ನಲ್ಲಿ ಅದೇ ಸ್ವಿಚ್ ಕಂಟ್ರೋಲರ್‌ಗೆ 'ಬ್ರೇಕ್ ಹಿಡಿದಿದ್ದಾರೆ, ಮೋಟರ್ ನಿಲ್ಲಿಸು' ಅಂತ ಹೇಳುತ್ತೆ. ಕಾಯಿ ಸುಲಿಯೋ ಜಾಗದಲ್ಲಿ ಗಾಡಿ ನಿಲ್ಲಿಸೋದು ನಮ್ಮಲ್ಲಿ ಮಾಮೂಲಿ, ಸಿಪ್ಪೆಯ ನಾರಿನ ಪುಡಿ ಒಳಗೆ ಹೋಗಿ ಕೂತಿತ್ತು. ಕಂಪ್ರೆಸರ್‌ನಿಂದ ಗಾಳಿ ಹೊಡೆದು, ಸ್ವಿಚ್ ಬಿಚ್ಚಿ ಕ್ಲೀನ್ ಮಾಡಿ ಹಾಕಿದ. ಕಾಲು ಗಂಟೆ ಕೆಲಸ. ಸೈಡ್ ಸ್ಟ್ಯಾಂಡ್‌ಗೂ ಇಂಥದ್ದೇ ಸ್ವಿಚ್ ಇರುತ್ತೆ. ಗಾಡಿ ಹೊರಡದಿದ್ದರೆ ಮೊದಲು ಇವೆರಡನ್ನು ನೋಡಿ, ಆಮೇಲೆ ಫೋನ್ ತೆಗೆಯಿರಿ.

ಇನ್ನೊಂದ್ಸಲ ಸ್ಕ್ರೀನೇ ಸತ್ತುಹೋಯ್ತು. ದೊಡ್ಡ ಬ್ಯಾಟರಿ ಕೆಡ್ತು ಅಂತ ಮನೆಯವರೆಲ್ಲ ಗಾಬರಿ. ಕೆಟ್ಟಿದ್ದು ಸೀಟಿನ ಕೆಳಗಿನ 12 ವೋಲ್ಟ್ ಚಿಕ್ಕ ಬ್ಯಾಟರಿ. ಸುಮಾರು ಗಾಡಿಗಳಲ್ಲಿ ಲೈಟು, ಹಾರ್ನು, ಸ್ಕ್ರೀನ್ ನಡೆಯೋದು ಅದರಿಂದಲೇ, ಅದು ಏಳದಿದ್ದರೆ ದೊಡ್ಡ ಬ್ಯಾಟರಿಯೂ ಆನ್ ಆಗಲ್ಲ. ಹೊಸದು ತಿಪಟೂರಲ್ಲೇ ಸಿಕ್ತು. ಮಳೆಗಾಲದಲ್ಲಿ ಚಾರ್ಜಿಂಗ್ ಮಧ್ಯೆ ಮಧ್ಯೆ ನಿಂತುಹೋಗ್ತಿತ್ತು, ಅದಕ್ಕೆ ಕಾರಣ ಗಾಡಿಯಲ್ಲಿ ಇರಲೇ ಇಲ್ಲ. ಮನೆಯ ಅರ್ಥಿಂಗ್ ವೈರ್ ತುಂಡಾಗಿತ್ತು. ಗುಂಡಿ ತೆಗೆದು ಉಪ್ಪು, ಇದ್ದಿಲು ಹಾಕಿ ಹೊಸ ಅರ್ಥಿಂಗ್ ಮಾಡಿಸಿದ ಮೇಲೆ ಸರಿಹೋಯ್ತು. ಪಂಕ್ಚರ್ ಬಗ್ಗೆ ಜನ ಹೆದರುವಷ್ಟು ಏನಿಲ್ಲ. ಟ್ಯೂಬ್‌ಲೆಸ್ ಟೈರ್‌ಗೆ ಜಾಲಿಮುಳ್ಳು ಚುಚ್ಚಿದರೆ ಚಕ್ರ ಬಿಚ್ಚದೆ ಪ್ಲಗ್ ಹಾಕಬಹುದು. ಹಿಂದಿನ ಚಕ್ರದಲ್ಲೇ ಮೋಟರ್ ಇರೋ ಗಾಡಿಯಾದರೆ ಟೈರ್ ಬದಲಿಸೋವಾಗ ವೈರ್ ಎಳೆಯದಂತೆ ಹತ್ತಿರ ನಿಂತು ನೋಡಿಕೊಳ್ಳಿ.

ಇವೆಲ್ಲ ಊರಲ್ಲೇ ಆದ ಕೆಲಸ. ನಾಲ್ಕನೆಯದು ಆಗಲಿಲ್ಲ. ಸ್ಕ್ರೀನ್ ಮೇಲೆ ಒಂದು ನಂಬರ್ ಬಂತು, ಗಾಡಿ ನಿಂತಿತು. ಆ ನಂಬರ್‌ನ ಅರ್ಥ ಕಂಪನಿಯವರ ಲ್ಯಾಪ್‌ಟಾಪ್‌ಗೆ ಮಾತ್ರ ಗೊತ್ತು. ಕಂಟ್ರೋಲರ್ ಬದಲಿಸಬೇಕು ಅಂದರು. ಆ ಪಾರ್ಟ್ ಹೊರಗೆ ಮಾರಲ್ಲ, ಹೊರಗಿನವರು ಹಾಕಿದರೆ ಗಾಡಿ ಒಪ್ಪಿಕೊಳ್ಳಲ್ಲ. ಹತ್ತೊಂಬತ್ತು ದಿನ ಗಾಡಿ ಸರ್ವಿಸ್ ಸೆಂಟರ್‌ನಲ್ಲಿತ್ತು, ಹಾಲು ಪಕ್ಕದ ಮನೆಯವರ ಗಾಡಿಯಲ್ಲಿ ಹೋಯ್ತು. ಕಂಪನಿ ಹೆಸರು ಇಲ್ಲಿ ಬೇಡ. ಬೇರೆ ಬೇರೆ ಕಂಪನಿಯ ಗಾಡಿ ಇಟ್ಟಿರುವ ಗೆಳೆಯರ ಕತೆಯೂ ಹೆಚ್ಚುಕಮ್ಮಿ ಇದೇ.

ಬ್ಯಾಟರಿ ಮಾತ್ರ ಯಾರೂ ಬಿಚ್ಚಬಾರದು, ಇದರಲ್ಲಿ ನಾನು ಕಂಪನಿಗಳ ಪರ. ಒಳಗೆ ಶಾರ್ಟ್ ಆದರೆ ನೀರು ಹಾಕಿದ ತಕ್ಷಣ ಆರುವ ಬೆಂಕಿ ಅಲ್ಲ ಅದು. 2022ರ ಬೇಸಿಗೆಯಲ್ಲಿ ದೇಶದಲ್ಲಿ ಅಲ್ಲಲ್ಲಿ ಸ್ಕೂಟರ್‌ಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಬ್ಯಾಟರಿ ಮಾನದಂಡವನ್ನು ಬಿಗಿ ಮಾಡಿತು. ಹಳೇ ಸ್ಟಾಕ್ ಅಥವಾ ಸೆಕೆಂಡ್ ಹ್ಯಾಂಡ್ ಕಮ್ಮಿಗೆ ಸಿಗ್ತಿದೆ ಅಂದರೆ ತಯಾರಾದ ತಿಂಗಳು ನೋಡಿ.

ಬೆಂಗಳೂರಿನವರು ಬರೆಯುವ ಸಲಹೆಗಳಲ್ಲಿ ಇಲ್ಲದ ಒಂದು ಮಾತು ನಮ್ಮ ಸೀಮೆಗೆ ಬೇಕು: ಕೊಬ್ಬರಿ ಅಟ್ಟದ ಕೆಳಗೆ ಚಾರ್ಜ್ ಹಾಕಬೇಡಿ. ನೆರಳಿದೆ, ಪ್ಲಗ್ ಪಾಯಿಂಟ್ ಇದೆ, ಗೇಟಿಗೆ ಬೀಗ ಇದೆ ಅಂತ ತುಂಬಾ ಜನ ಅಲ್ಲೇ ನಿಲ್ಲಿಸ್ತಾರೆ. ಮೇಲೆ ಹತ್ತು ಹನ್ನೊಂದು ತಿಂಗಳಿಂದ ಒಣಗ್ತಿರೋ ಕಾಯಿ, ಕೆಳಗೆ ಸಿಪ್ಪೆ, ಮೂಲೆಯಲ್ಲಿ ವೈರ್ ಕಡಿಯೋ ಇಲಿ. ಅಟ್ಟಕ್ಕೆ ಬೆಂಕಿ ಬಿದ್ದರೆ ಒಂದು ವರ್ಷದ ಫಸಲು ಒಂದೇ ರಾತ್ರಿಗೆ ಹೋಗುತ್ತೆ. ಸ್ಕೂಟರ್‌ನಲ್ಲಿ ಉಳಿಸಿದ 12,000 ಅದರ ಮುಂದೆ ಯಾವ ಲೆಕ್ಕ? ಮನೆ ಮುಂದೆ ಶೀಟ್ ಹಾಕಿ, ಎಂಸಿಬಿ ಇರೋ ಪಾಯಿಂಟ್ ಮಾಡಿಸಿ, ಮಲಗೋ ಮುಂಚೆ ಚಾರ್ಜ್ ಮುಗಿಯೋ ಹಾಗೆ ನೋಡಿಕೊಳ್ಳಿ. ತೆಂಗಿನ ಮರದ ಬುಡದಲ್ಲೂ ನಿಲ್ಲಿಸಬೇಡಿ, ಒಂದು ಗರಿ ಬಿದ್ದರೆ ಸ್ಕ್ರೀನ್ ಹೋಯ್ತು.

ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ ಅಂತ ಮಾರುವ ಅಗ್ಗದ ಗಾಡಿಗಳೂ ಬಂದಿವೆ. ಮೋಟರ್ 250 ವ್ಯಾಟ್ ಒಳಗೆ, ವೇಗ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ಆ ವಿನಾಯಿತಿ. ಅಷ್ಟು ಶಕ್ತಿಯ ಗಾಡಿ ಮೂಟೆ ಹೊತ್ತು ಏರು ಹತ್ತಲ್ಲ. ಅದಕ್ಕಿಂತ ಜೋರಾಗಿ ಓಡಿದರೆ ಅದು ವಿನಾಯಿತಿಯ ಗಾಡಿಯೇ ಅಲ್ಲ, ಅಪಘಾತವಾದಾಗ ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಹಾಕಿಕೊಳ್ಳೋದು ನೀವು.

ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಅದಕ್ಕೂ ಮುಂಚೆ, 2001ರಲ್ಲೇ, ಬೆಂಗಳೂರಿನ ರೇವಾ ಕಾರು ರಸ್ತೆಗೆ ಬಂದಿತ್ತು. ಗಾಡಿ ತಯಾರಿಸೋದರಲ್ಲಿ ನಾವು ಮುಂದೆ, ರಿಪೇರಿಗೆ ಮಾತ್ರ ಹೋಬಳಿ ಮಟ್ಟದಲ್ಲಿ ಯಾರೂ ಇಲ್ಲ. ಐಟಿಐ ಕೋರ್ಸ್‌ಗಳ ಪಟ್ಟಿಗೆ ಎಲೆಕ್ಟ್ರಿಕ್ ವಾಹನ ಮೆಕ್ಯಾನಿಕ್ ಸೇರಿದೆ. ಆದರೆ ಕಲಿತ ಹುಡುಗರಿಗೆ ಪಾರ್ಟ್ ಸಿಗದಿದ್ದರೆ, ಕೋಡ್ ಓದೋಕೆ ಬಿಡದಿದ್ದರೆ ಅವರು ಅಂಗಡಿ ಇಟ್ಟು ಮಾಡೋದೇನು? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರಿ' ಪೋರ್ಟಲ್ ಶುರು ಮಾಡಿತು. ಕೃಷಿ ಯಂತ್ರ, ಮೊಬೈಲ್, ಮನೆ ಉಪಕರಣ, ವಾಹನ ನಾಲ್ಕೂ ಅದರಲ್ಲಿ ಸೇರಿವೆ. ಒಳ್ಳೆಯದೇ. ಆದರೆ ಪೋರ್ಟಲ್ ನೋಡಿಕೊಂಡು ಕೂತರೆ ಹಾಲು ಡೇರಿಗೆ ಹೋಗಲ್ಲ.

ನನ್ನ ಸಲಹೆ ಇಷ್ಟೇ. ಒಬ್ಬೊಬ್ಬರೇ ಶೋರೂಂಗೆ ಹೋಗಬೇಡಿ. ತೆಂಗು ಅಭಿವೃದ್ಧಿ ಮಂಡಳಿಯ ಯೋಜನೆಯಲ್ಲಿ ಆದ ತೆಂಗು ಉತ್ಪಾದಕರ ಸಂಘ, ಕಂಪನಿಗಳು ನಮ್ಮಲ್ಲಿವೆ, ಹಾಲಿನ ಸಂಘಗಳಂತೂ ಊರೂರಲ್ಲಿವೆ. ನೊಣವಿನಕೆರೆಯಲ್ಲೋ ಹುಳಿಯಾರಲ್ಲೋ ಹತ್ತು ಹದಿನೈದು ಜನ ಸೇರಿ ಒಂದೇ ಕಂಪನಿಯ ಒಂದೇ ಮಾಡೆಲ್ ತಗೊಳ್ಳಿ. ಡೀಲರ್‌ಗೆ ಮೂರು ಮಾತು ಬರೆದು ಕೊಡೋಕೆ ಹೇಳಿ: ತಿಂಗಳಿಗೊಮ್ಮೆ ಹೋಬಳಿಯಲ್ಲೇ ಸರ್ವಿಸ್ ಕ್ಯಾಂಪ್, ನಾವು ತೋರಿಸೋ ಒಬ್ಬ ಮೆಕ್ಯಾನಿಕ್‌ಗೆ ತರಬೇತಿ, ಅವನ ಅಂಗಡಿಯಲ್ಲಿ ಬ್ರೇಕ್ ಸ್ವಿಚ್, 12 ವೋಲ್ಟ್ ಬ್ಯಾಟರಿ, ಚಾರ್ಜರ್, ಒಂದು ಕಂಟ್ರೋಲರ್ ಸದಾ ಸ್ಟಾಕ್. ಹದಿನೈದು ಗಾಡಿಯ ವ್ಯಾಪಾರ ಕಣ್ಣೆದುರಿಗಿದ್ದಾಗ ಡೀಲರ್ ಕೇಳಿಸಿಕೊಳ್ತಾನೆ, ಬಿಲ್ ಆದ ಮೇಲೆ ಕೇಳಿಸಿಕೊಳ್ಳಲ್ಲ. ನಮ್ಮ ಕಡೆ ಎಂಟು ಜನ ಆಗಿದ್ದೀವಿ, ಬ್ರೇಕ್ ಲೈಟ್ ನೋಡಿ ರೋಗ ಹಿಡಿದ ಹುಡುಗನೂ ತರಬೇತಿಗೆ ಒಪ್ಪಿದ್ದಾನೆ. ಡೀಲರ್ ಹತ್ತು ಜನ ಆಗಲಿ ಅಂದಿದ್ದಾನೆ.