ಸತ್ಕಾರದ ತಟ್ಟೆಯಲ್ಲಿ ಹೊಗೆಗೆ ಸ್ಥಳವಿಲ್ಲ

ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು, ಆಮೇಲೆ ಮಾತುಕತೆ. ಇದು ನಮ್ಮ ನಾಡಿನ ಸತ್ಕಾರದ ಕ್ರಮ. ದಣಿದು ಬಂದವರು ದಣಿವಾರಿಸಿಕೊಂಡು, ತೃಪ್ತರಾಗಿ ಹೊರಡಬೇಕೆಂಬುದು ಅದರ ಆಶಯ. ಈಚೆಗೆ ಬೆಂಗಳೂರಿನಂತಹ ನಗರದ ಕೆಲವು ಮನೆಗಳಲ್ಲಿ ಗೆಳೆಯರನ್ನು ಕರೆದು ಹುಕ್ಕಾ ಸಂಜೆಗಳನ್ನು ಏರ್ಪಡಿಸುವ ರೂಢಿ ಕಾಣಿಸಿಕೊಂಡಿದೆ. ಆತಿಥ್ಯದ ಹೆಸರಿನಲ್ಲಿ ನಡೆಯುವ ಈ ಕೂಟವು ಆತಿಥ್ಯದ ಆಶಯಕ್ಕೇ ವಿರುದ್ಧವಾದುದೆಂದು ಸ್ಪಷ್ಟವಾಗಿ ಹೇಳಬೇಕಾಗಿದೆ.

ಸುದ್ದಗುಂಟೆಪಾಳ್ಯದ ಉದಾಹರಣೆಯನ್ನೇ ನೋಡೋಣ. ಕ್ರೈಸ್ಟ್ ವಿಶ್ವವಿದ್ಯಾಲಯದ ಸುತ್ತಲಿನ ಈ ಪ್ರದೇಶವು ವಿದ್ಯಾರ್ಥಿಗಳು ಮತ್ತು ಯುವ ಉದ್ಯೋಗಿಗಳು ಬಾಡಿಗೆಗಿರುವ ಸಣ್ಣ ಸಣ್ಣ ಮನೆಗಳಿಂದ ತುಂಬಿದೆ. ಇದಕ್ಕೆ ಹೊಂದಿಕೊಂಡಿರುವ ತಾವರೆಕೆರೆ ಮುಖ್ಯರಸ್ತೆಯ ಕಟ್ಟಡವೊಂದರ ಮೇಲಂತಸ್ತಿನ ಕೆಫೆಗೆ 2023ರ ಅಕ್ಟೋಬರ್ 18ರಂದು ಬೆಂಕಿ ಬಿದ್ದಿತು. ಪ್ರಾಣ ಉಳಿಸಿಕೊಳ್ಳಲು ವ್ಯಕ್ತಿಯೊಬ್ಬರು ಮೇಲಿನಿಂದ ಧುಮುಕಿದ ದೃಶ್ಯವನ್ನು ನಾಡೆಲ್ಲ ಕಂಡಿತು. 2024ರ ಫೆಬ್ರವರಿ 7ರಂದು ರಾಜ್ಯದ ಆರೋಗ್ಯ ಇಲಾಖೆಯು ಹುಕ್ಕಾ ಉತ್ಪನ್ನಗಳ ಮಾರಾಟ, ಸೇವನೆ, ಸಂಗ್ರಹ ಮತ್ತು ಜಾಹೀರಾತನ್ನು ನಿಷೇಧಿಸಿತು. ಹುಕ್ಕಾ ಬಾರ್‌ಗಳಲ್ಲಿನ ಬೆಂಕಿಯ ಅಪಾಯವೂ ಅದಕ್ಕೆ ನೀಡಿದ ಕಾರಣಗಳಲ್ಲಿ ಒಂದು. ತಂಬಾಕು ಇಲ್ಲದ ಹುಕ್ಕಾಕ್ಕೂ ಈ ನಿಷೇಧ ಅನ್ವಯಿಸುತ್ತದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯವು ಆದೇಶವನ್ನು ಎತ್ತಿಹಿಡಿಯಿತು. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ರಾಜ್ಯದ ತಿದ್ದುಪಡಿ ಕಾಯ್ದೆಯು ಹುಕ್ಕಾ ಬಾರ್ ನಡೆಸುವವರಿಗೆ 1ರಿಂದ 3 ವರ್ಷಗಳ ಸೆರೆವಾಸ ಹಾಗೂ 50 ಸಾವಿರದಿಂದ 1 ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸಿದೆ.

ಇದು ಸ್ವಾಗತಾರ್ಹ. ಆದರೆ ಅಂಗಡಿಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಚಟದ ಬಾಗಿಲು ಮುಚ್ಚುವುದಿಲ್ಲ. ‘ನಮ್ಮ ಮನೆ, ನಮ್ಮ ಗೆಳೆಯರು, ತಿಂಗಳಿಗೊಮ್ಮೆ, ಯಾರಿಗೇನು ತೊಂದರೆ?’ ಎಂಬ ವಾದ ಹುಟ್ಟಿಕೊಂಡಿದೆ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಮನೆಯಲ್ಲಿ ಹುಕ್ಕಾ ಸೇದುವುದು ಕಡಿಮೆ ಅಪಾಯದ ಸಂಗತಿಯೇನಲ್ಲ. ಎಷ್ಟೋ ಸಂದರ್ಭಗಳಲ್ಲಿ ಅದು ಹೆಚ್ಚು ಅಪಾಯಕಾರಿ.

ನೀರಿನ ಮೂಲಕ ಬರುವ ಹೊಗೆ ಶುದ್ಧವಾಗುತ್ತದೆಂಬುದು ಬಹು ಹಳೆಯ ಭ್ರಮೆ. ನೀರು ಹೊಗೆಯನ್ನು ತಂಪುಮಾಡುತ್ತದೆ, ಅಷ್ಟೇ. ತಂಪಾದ ಹೊಗೆ ಗಂಟಲನ್ನು ಸುಡದಿರುವುದರಿಂದ ಸೇದುವವರು ಅದನ್ನು ಇನ್ನಷ್ಟು ಆಳವಾಗಿ ಒಳಗೆಳೆಯುತ್ತಾರೆ. ಒಂದು ಸಿಗರೇಟಿಗೆ ಸುಮಾರು 20 ಬಾರಿ ಹೊಗೆ ಎಳೆದರೆ, ಒಂದು ಗಂಟೆಯ ಹುಕ್ಕಾದಲ್ಲಿ ಸುಮಾರು 200 ಬಾರಿ ಎಳೆಯಲಾಗುತ್ತದೆ. ಪುದೀನ, ಸೇಬು, ದ್ರಾಕ್ಷಿಯ ಪರಿಮಳಗಳು ವಿಷವನ್ನು ಮರೆಮಾಡುತ್ತವೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಇದಕ್ಕಿಂತ ಗಂಭೀರವಾದುದು ಕೆಂಡದ ವಿಷಯ. ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮಿದುಳಿಗೂ ಹೃದಯಕ್ಕೂ ಸೇರಬೇಕಾದ ಆಮ್ಲಜನಕ ತಲುಪದೆ ಹೋಗುತ್ತದೆ. ತಂಬಾಕಿಲ್ಲದ ‘ಗಿಡಮೂಲಿಕೆ ಹುಕ್ಕಾ’ದಲ್ಲಿಯೂ ಕೆಂಡ ಇದ್ದೇ ಇರುತ್ತದೆ. ಅಕ್ಕಪಕ್ಕದವರಿಗೆ ವಾಸನೆ ಹೋಗಬಾರದೆಂದು ಕಿಟಕಿಗಳನ್ನು ಮುಚ್ಚಿ, ಹತ್ತು ಜನ ಒಂದು ಕೋಣೆಯಲ್ಲಿ ಕುಳಿತರೆ ಆಗಬಹುದಾದ ಅನಾಹುತವನ್ನು ಊಹಿಸಬಹುದು. ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿಕೊಂಡರೆ ಅದನ್ನು ‘ಮತ್ತು’ ಎಂದು ಭಾವಿಸದೆ ಕೂಡಲೇ ಎಲ್ಲರೂ ಬಯಲಿಗೆ ಬರಬೇಕು. ಯಾರಾದರೂ ಪ್ರಜ್ಞೆ ತಪ್ಪಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಅದೇ ಮನೆಯ ಪಕ್ಕದ ಕೋಣೆಯಲ್ಲಿ ಮಗು ಮಲಗಿರಬಹುದು, ಉಬ್ಬಸವಿರುವ ಅಜ್ಜಿ ಇರಬಹುದು, ಗರ್ಭಿಣಿ ಇರಬಹುದು. ಅವರ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ಒಂದೇ ಕೊಳವೆಯನ್ನು ಬಾಯಿಂದ ಬಾಯಿಗೆ ದಾಟಿಸುವುದರಿಂದ ಸೋಂಕುಗಳು ಹರಡುವ ಭಯವೂ ಉಂಟು.

ಗುಡುಗುಡಿ ನಮ್ಮ ಪರಂಪರೆಯಲ್ಲಿಯೇ ಇತ್ತಲ್ಲವೇ, ಶಿಶುನಾಳ ಶರೀಫರೇ ಅದನ್ನು ಹಾಡಿಲ್ಲವೇ ಎಂದು ಕೇಳುವವರಿದ್ದಾರೆ. ಶರೀಫರ ತತ್ತ್ವಪದದಲ್ಲಿ ಗುಡುಗುಡಿಯು ಮನುಷ್ಯನ ದೇಹಕ್ಕೂ ಸಾಧನೆಗೂ ರೂಪಕವಾಗಿ ಬಂದಿದೆ. ಆ ರೂಪಕವನ್ನು ಹೊಗೆ ಸೇದಲು ಅನುಮತಿಪತ್ರವಾಗಿ ಬಳಸುವುದು ಅನುಭಾವಿಗೆ ಮಾಡುವ ಅನ್ಯಾಯ.

ಇಲ್ಲಿ ಹಿರಿಯರಿಗೂ ಒಂದು ಮಾತು ಸಲ್ಲುತ್ತದೆ. ಹುಕ್ಕಾ ಸೇದುವ ಮಗನನ್ನು ಗದರಿಸುವ ಎಷ್ಟೋ ಮನೆಗಳಲ್ಲಿ ಎಲೆಯಡಿಕೆಯ ತಟ್ಟೆಯ ಜೊತೆಗೆ ಹೊಗೆಸೊಪ್ಪಿನ ಡಬ್ಬಿಯೂ ಅತಿಥಿಗಳ ಮುಂದೆ ಸರಿಯುತ್ತದೆ. ಸೇದಿದರೂ ಜಗಿದರೂ ತಂಬಾಕು ತಂಬಾಕೇ. ಬಾಯಿಯ ಕ್ಯಾನ್ಸರ್‌ಗೆ ಅದು ಪ್ರಮುಖ ಕಾರಣ. ಆ ಡಬ್ಬಿಯನ್ನು ಮೊದಲು ತೆಗೆದರೆ ಮಕ್ಕಳಿಗೆ ಹೇಳುವ ಮಾತಿಗೆ ತೂಕ ಬರುತ್ತದೆ.

ಯುವಕರಿಗೆ ಗೆಳೆಯರ ಕೂಟ ಬೇಕು. ಊರು ಬಿಟ್ಟು ಬಂದು ಒಂಟಿಯಾಗಿರುವವರಿಗಂತೂ ಅದು ಅತ್ಯಗತ್ಯ. ಆ ಬೇಡಿಕೆಯನ್ನು ಹೀಗಳೆಯದೆ, ವಾರಕ್ಕೊಮ್ಮೆ ಮಕ್ಕಳ ಗೆಳೆಯರನ್ನು ನಾವೇ ಊಟಕ್ಕೆ ಕರೆಯೋಣ. ರೊಟ್ಟಿ, ಪಲ್ಯ, ಮಜ್ಜಿಗೆಯ ಜೊತೆಗೆ ಹಾಡು, ಹರಟೆ ಇರಲಿ. ಈಗಾಗಲೇ ಚಟ ಅಂಟಿದ್ದರೆ ನಿಂದಿಸದೆ ನೆರವಾಗೋಣ. ತಂಬಾಕು ತ್ಯಜಿಸಲು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಇದೆ. ಸುದ್ದಗುಂಟೆಪಾಳ್ಯದ ಸಮೀಪದಲ್ಲಿಯೇ ನಿಮ್ಹಾನ್ಸ್ ಮತ್ತು ಕಿದ್ವಾಯಿ ಆಸ್ಪತ್ರೆಗಳಿವೆ. ದಾಸೋಹವನ್ನು ಬಲ್ಲ ಮನೆಗಳು ಅತಿಥಿಗೆ ಅನ್ನ ನೀಡಲಿ, ನೀರು ನೀಡಲಿ, ಉಸಿರಾಡಲು ಶುದ್ಧ ಗಾಳಿಯನ್ನೂ ನೀಡಲಿ.