ಸಣ್ಣವರು ಕೊಟ್ಟರೆ ಬೇಡ ಅನ್ನಬೇಕೇ?

2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಉಕ್ಕಿ ನಮ್ಮ ಸೊಲ್ಲಾಪುರ ಜಿಲ್ಲೆಯ ಎಷ್ಟೋ ಹಳ್ಳಿಗಳಿಗೆ ನೀರು ನುಗ್ಗಿತು. ಇಂಥ ಹೊತ್ತಿನಲ್ಲಿ ನಾವು ಶಾಲೆಗಳಲ್ಲಿ ನೆರವಿನ ಡಬ್ಬಿ ಇಡುತ್ತೇವೆ. ಐದು ರೂಪಾಯಿ ತಂದ ಮಗು ನೂರು ರೂಪಾಯಿ ತಂದವನ ಹಿಂದೆ ನಾಚಿಕೊಂಡು ನಿಲ್ಲುತ್ತದೆ. ಆ ಮಗುವಿಗೆ ಏನು ಹೇಳುವುದು?

ನಾವು ಸಿಂಗಪುರದ ಕತೆ ಹೇಳುತ್ತೇವೆ. ನಕಾಶೆಯಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವ ದೇಶ. ನಮ್ಮ ಅಕ್ಕಲಕೋಟ ತಾಲೂಕಿಗಿಂತಲೂ ಸಣ್ಣದು! 2005ರ ಆಗಸ್ಟ್ ಕೊನೆಯಲ್ಲಿ ಕತ್ರಿನಾ ಚಂಡಮಾರುತಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ಮುಳುಗಿದಾಗ ಈ ಪುಟ್ಟ ದೇಶ ತನ್ನ ಸೈನಿಕರನ್ನು ಕಳಿಸಲು ಮುಂದೆ ಬಂತು. ಅದರ ವಾಯುಪಡೆಯ ತುಕಡಿಯೊಂದು ಟೆಕ್ಸಾಸ್‌ನಲ್ಲಿ ತರಬೇತಿಗೆಂದು ಇತ್ತು. ಮೊದಲು ಮೂರು, ಆಮೇಲೆ ಇನ್ನೊಂದು ಚಿನೂಕ್ ಹೆಲಿಕಾಪ್ಟರ್ ಪರಿಹಾರಕ್ಕೆ ಹಾರಿದವು. ಜಗತ್ತಿನ ದೊಡ್ಡಣ್ಣ ಬೇಡ ಅನ್ನಲಿಲ್ಲ.

ಅದೇ ಹೊತ್ತಿಗೆ ಶ್ರೀಲಂಕಾ 25 ಸಾವಿರ ಡಾಲರ್ ಕೊಟ್ಟಿತು. ಸುನಾಮಿಯಿಂದ ತಾನೇ ನುಚ್ಚುನೂರಾಗಿ ಆಗ ಇನ್ನೂ ಒಂಬತ್ತು ತಿಂಗಳು ಸಹ ಕಳೆದಿರಲಿಲ್ಲ. ಕ್ಯೂಬಾ ಸಾವಿರಕ್ಕೂ ಹೆಚ್ಚು ವೈದ್ಯರನ್ನು ಕಳಿಸುತ್ತೇನೆಂದಿತು. ಅಮೆರಿಕ ಒಪ್ಪಲಿಲ್ಲ, ಹಳೆಯ ವೈರ. ಮುಂದೆ ಅಕ್ಟೋಬರಿನಲ್ಲಿ ಪಾಕಿಸ್ತಾನದಲ್ಲಿ ಭೂಕಂಪವಾದಾಗ ಕ್ಯೂಬಾದ ವೈದ್ಯರು ಅಲ್ಲಿಗೆ ಹೋದರು. ನಷ್ಟ ಯಾರಿಗಾಯಿತು?

ಇನ್ನು ನಮ್ಮ ದೇಶದ ಮಾತು. 1993ರಲ್ಲಿ ಪಕ್ಕದ ಕಿಲ್ಲಾರಿಯ ಭೂಕಂಪ, 2001ರಲ್ಲಿ ಗುಜರಾತಿನ ಭೂಕಂಪ, ಎರಡರಲ್ಲೂ ಹೊರದೇಶಗಳ ನೆರವು ಪಡೆದೆವು. ಮಾನವೇನೂ ಹೋಗಲಿಲ್ಲ. 2004ರ ಸುನಾಮಿಯಲ್ಲಿ ಮಾತ್ರ ನಮ್ಮದನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ಭಾರತ ಹೇಳಿತು. ಅಷ್ಟೇ ಅಲ್ಲ, ಶ್ರೀಲಂಕಾ, ಮಾಲ್ದೀವ್ಸ್, ಇಂಡೋನೇಷ್ಯಾಗಳಿಗೆ ತನ್ನ ಹಡಗುಗಳನ್ನೂ ಕಳಿಸಿತು. ಅದು ಹೆಮ್ಮೆಯ ವಿಷಯವೇ.

ಆದರೆ 2018ರಲ್ಲಿ ಕೇರಳ ಮುಳುಗಿದಾಗ ಅದೇ ಮಾಲ್ದೀವ್ಸ್ 50 ಸಾವಿರ ಡಾಲರ್ ಕೊಡಲು ಬಂತು. ಅಂದಿನ ಲೆಕ್ಕದಲ್ಲಿ ಸುಮಾರು 35 ಲಕ್ಷ ರೂಪಾಯಿ. ನಮ್ಮ ಸರಕಾರ ಹೊರಗಿನ ಸರಕಾರಗಳ ಹಣವನ್ನು ವಂದನೆ ಹೇಳಿ ನಿರಾಕರಿಸಿತು. 2016ರ ರಾಷ್ಟ್ರೀಯ ವಿಪತ್ತು ನಿರ್ವಹಣಾ ಯೋಜನೆಯಲ್ಲೇನಿದೆ? ನಾವಾಗಿ ಬೇಡುವುದಿಲ್ಲ, ಆದರೆ ಬೇರೆ ದೇಶ ಸದ್ಭಾವನೆಯಿಂದ ಕೊಟ್ಟರೆ ಕೇಂದ್ರ ಸ್ವೀಕರಿಸಬಹುದು ಎಂದಿದೆ. ಬೇಡುವುದು ಬೇರೆ, ಪ್ರೀತಿಯಿಂದ ಕೊಟ್ಟದ್ದನ್ನು ತೆಗೆದುಕೊಳ್ಳುವುದು ಬೇರೆ.

ನಿಜ, ಪರದೇಶದ ಸೈನ್ಯ ನಮ್ಮ ನೆಲದಲ್ಲಿ ಇಳಿಯುವುದು ಹಗುರ ಮಾತಲ್ಲ. ಯಾರ ಆಜ್ಞೆಯಲ್ಲಿ, ಎಷ್ಟು ದಿನ, ಯಾವ ಕೆಲಸಕ್ಕೆ ಎಂದು ಕೇಳಲೇಬೇಕು. ಕೆಲಸ ಬಾರದವರು ಬಂದರೆ ಅವರಿಗೂ ನಾವೇ ಅನ್ನ ನೀರು ನೋಡಬೇಕಾಗುತ್ತದೆ. ಉಪಯೋಗವಿಲ್ಲ ಎಂದು ಬೇಡ ಅನ್ನಿ, ಒಪ್ಪುತ್ತೇವೆ. ಕೊಡುವವನು ಸಣ್ಣವನು, ತೆಗೆದುಕೊಂಡರೆ ನಮ್ಮ ದೊಡ್ಡತನಕ್ಕೆ ಕುಂದು ಎಂದು ಬೇಡ ಅನ್ನಬೇಡಿ.

2021ರಲ್ಲಿ ಕೊರೋನಾದ ಎರಡನೆಯ ಅಲೆಯಲ್ಲಿ ಆಮ್ಲಜನಕಕ್ಕೆ ಪರದಾಡಿದಾಗ ಹೊರಗಿನ ನೆರವು ಪಡೆದೆವು. ಆಗ ಕೀನ್ಯಾ 12 ಟನ್ ಚಹಾ, ಕಾಫಿ, ಶೇಂಗಾ ಕಳಿಸಿತು, ಅದೂ ನಮ್ಮ ಮಹಾರಾಷ್ಟ್ರದಲ್ಲಿ ಹಂಚಲು. ಕೆಲವರು ನಕ್ಕರು. ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಇಳಿಯದ ಸೊಲ್ಲಾಪುರದವರು ನಾವು, ನಮಗೇಕೋ ನಗು ಬರಲಿಲ್ಲ. ತಮ್ಮ ಹೊಲದಲ್ಲಿ ಬೆಳೆದದ್ದನ್ನೇ ಅವರು ಕೊಟ್ಟಿದ್ದರು. ಸುದಾಮ ತಂದದ್ದೂ ಹಿಡಿ ಅವಲಕ್ಕಿಯೇ ತಾನೇ? ಕೃಷ್ಣ ಅದನ್ನು ತೂಗಿ ನೋಡಲಿಲ್ಲ.

ಶಿಕ್ಷಕ ಬಂಧುಗಳೇ, ಗಡಿಯಾಚೆಯ ಕನ್ನಡ ಶಾಲೆಗಳವರೆಂದರೆ ಯಾವಾಗಲೂ ಕೇಳುವವರು ಎಂದೇ ಎರಡೂ ರಾಜ್ಯಗಳಲ್ಲಿ ನೋಡುತ್ತಾರೆ. ಪುಸ್ತಕ ಕೊಡಿ, ಶಿಕ್ಷಕರನ್ನು ಕೊಡಿ... ಹೌದು, ಅದು ನಮ್ಮ ಹಕ್ಕು, ಕೇಳುತ್ತೇವೆ. ಆದರೆ ನಮ್ಮ ಮಕ್ಕಳಿಗೆ ಕೊಡುವುದೂ ಗೊತ್ತಿರಬೇಕು. ಮುಂದಿನ ಸಲ ಡಬ್ಬಿ ಇಟ್ಟಾಗ ಹೆಚ್ಚು ಕೊಟ್ಟವರ ಹೆಸರನ್ನು ಫಲಕದ ಮೇಲೆ ಬರೆಯುವುದನ್ನು ಬಿಡೋಣ. ಐದು ರೂಪಾಯಿಯ ಮಗುವಿನ ಕೈಯಿಂದ ಎರಡೂ ಕೈ ಚಾಚಿ ತೆಗೆದುಕೊಳ್ಳೋಣ. ಏನಂತೀರಿ?